‘ಖಚಿತ’ ಎಂದು ಬರೆದು ತಪ್ಪಿದರೆ ಎರಡಂಕ ಕಟ್

ತಮಗೆ ಏನು ಗೊತ್ತು, ಏನು ಗೊತ್ತಿಲ್ಲ ಎಂಬುದು ಹುಡುಗರಿಗೇ ತಿಳಿಯಲಿ ಎಂದು, ಕೊಡಗಿನ ನಮ್ಮ ಕಾಲೇಜಿನ ಭೂಕಾನೂನಿನ ಕಿರುಪರೀಕ್ಷೆಯಲ್ಲಿ ಉತ್ತರದ ಪಕ್ಕ ‘ಖಚಿತ / ಅನುಮಾನ’ ಎಂಬ ಕಾಲಂ ಹಾಕಿದಾಗ ಸ್ಟಾಫ್ ರೂಮಿನಲ್ಲಿ ನಕ್ಕವರೇ ಹೆಚ್ಚು. ಈಗ ಅವರಲ್ಲೇ ಒಂದಿಬ್ಬರು ಹಾಳೆ ಕೇಳಿ ಒಯ್ದಿದ್ದಾರೆ.

ಮೊದಲು ಕೈಕೊಟ್ಟದ್ದು ಪ್ರಶ್ನಾವಳಿ. ತನ್ನ ಕಲಿಕೆಯ ಬಗ್ಗೆ ತನಗೆಷ್ಟು ಅರಿವಿದೆ ಎಂದು ಅಳೆಯಲು ಶ್ರಾ ಮತ್ತು ಡೆನಿಸನ್ ಎಂಬ ಸಂಶೋಧಕರು 1994ರಲ್ಲಿ ಮಾಡಿದ 52 ಹೇಳಿಕೆಗಳನ್ನು ಕನ್ನಡಕ್ಕೆ ತಂದು ಹಂಚಿದ್ದಾಯಿತು. ಜೆರಾಕ್ಸಿಗೇ ಐದಾರುನೂರು ರೂಪಾಯಿ. ‘ಓದುವ ಮೊದಲು ಗುರಿ ಹಾಕಿಕೊಳ್ಳುತ್ತೇನೆ’ ಎಂಬುದಕ್ಕೆ ಮೇಷ್ಟ್ರ ಎದುರು ‘ಇಲ್ಲ’ ಎನ್ನುವವರು ಯಾರು? ಎಲ್ಲದಕ್ಕೂ ಟಿಕ್. ಆಮೇಲೆ ‘ಉತ್ತರ ಸರಿಯೆಂಬ ನಂಬಿಕೆ ಶೇಕಡಾ ಎಷ್ಟು’ ಎಂದು ಕೇಳಿದರೆ ಇಡೀ ಬೆಂಚು 80 ಬರೆಯಿತು.

ಅಂಕ ಪಣಕ್ಕಿಟ್ಟ ಮೇಲೆ ಆಟ ಬದಲಾಯಿತು. ಖಚಿತವಾಗಿ ಸರಿ: 2. ಅನುಮಾನದೊಡನೆ ಸರಿ: 1. ಅನುಮಾನವಿದ್ದು ತಪ್ಪು: ಸೊನ್ನೆ. ಖಚಿತವೆಂದು ತಪ್ಪು: ಮೈನಸ್ 2. ಕೊನೆಯದು ಮೈನಸ್ 1 ಇದ್ದಾಗ ಎಲ್ಲರೂ ‘ಖಚಿತ’ ಎಂದೇ ಬರೆದರು. ಬರೆಯದೆ ಏನು ಮಾಡುತ್ತಾರೆ, ಅರ್ಧಕ್ಕರ್ಧ ನಂಬಿಕೆ ದಾಟಿದರೆ ಅದೇ ಲಾಭ. ಮೈನಸ್ 2 ಮಾಡಿದರೆ ಮೂರರಲ್ಲಿ ಎರಡು ಪಾಲಿಗಿಂತ ಹೆಚ್ಚು ನಂಬಿಕೆ ಇದ್ದವರಿಗೆ ಮಾತ್ರ ‘ಖಚಿತ’ ಗಿಟ್ಟುತ್ತದೆ. ಮೈನಸ್ 3 ಹಾಕಿದರೆ ಹೆದರಿ ಎಲ್ಲವೂ ‘ಅನುಮಾನ’. ಇನ್ನೊಂದು: ಈ ಅಂಕಗಳನ್ನು ಇಂಟರ್ನಲ್ಸಿಗೆ ಅಲ್ಪಸ್ವಲ್ಪವಾದರೂ ಸೇರಿಸಬೇಕು, ಇಲ್ಲವಾದರೆ ಕಾಟಾಚಾರ.

ಪ್ರಶ್ನೆ ಮಾತ್ರ ಊರಿನದೇ ಇರಬೇಕು. ‘2020ರ ತಿದ್ದುಪಡಿಯಲ್ಲಿ ಭೂಸುಧಾರಣಾ ಕಾಯ್ದೆಯ 79ಎ, 79ಬಿ ಹೋದವು, ಆದ್ದರಿಂದಲೇ ಈಗ ಕೃಷಿಕರಲ್ಲದವರೂ ಕಾಫಿ ತೋಟ ಕೊಳ್ಳಬಹುದು. ಸರಿಯೋ, ತಪ್ಪೋ?’ ಸರಿ, ಖಚಿತ ಎಂದು ಕಣ್ಣುಮುಚ್ಚಿ ಬರೆಯುತ್ತಾರೆ. ಉತ್ತರ ತಪ್ಪು. ಹೆಚ್ಚು ಆದಾಯದವರು, ಕೃಷಿಕರಲ್ಲದವರು ಕೃಷಿಭೂಮಿ ಕೊಳ್ಳದಂತೆ ತಡೆದಿದ್ದ 79ಎ, 79ಬಿ ಕಾಫಿ ತೋಟದಂಥ ಪ್ಲಾಂಟೇಶನ್‌ಗಳಿಗೆ ಅನ್ವಯಿಸದು ಎಂದು 104ನೇ ಕಲಂ ತಿದ್ದುಪಡಿಗೂ ಮುಂಚೆಯೇ ಹೇಳಿತ್ತು. 2020ರಲ್ಲಿ ಬೇಲಿ ಕಿತ್ತುಹೋದದ್ದು ಗದ್ದೆಯದು. ತೋಟದ ಮನೆಯ ಮಕ್ಕಳೇ ಇಲ್ಲಿ ಹೆಚ್ಚು ಅಂಕ ಕಳೆದುಕೊಳ್ಳುತ್ತಾರೆ. ಗದ್ದೆಗೆ ಅಡಿಕೆ ಹಾಕಲು ಭೂಪರಿವರ್ತನೆ ಬೇಕೇ ಎಂಬುದೂ ಅಂಥದ್ದೇ. ಕಂದಾಯ ಕಾಯ್ದೆಯ 95ನೇ ಕಲಂ ಇರುವುದು ಕೃಷಿಯಿಂದ ಕೃಷಿಯೇತರಕ್ಕೆ ಹೋಗುವಾಗ. ಭತ್ತ ಬಿಟ್ಟು ಅಡಿಕೆ ಹಾಕಿದರೂ ಅದು ಕೃಷಿಯೇ. ಕುಶಾಲನಗರದ ಕಡೆ ಲೇಔಟಿಗೆ ಹೊರಟ ಗದ್ದೆಯದು ಬೇರೆ ಕಥೆ.

ಎಲ್ಲಕ್ಕಿಂತ ಕೆಲಸ ಮಾಡಿದ್ದು ಜಮ್ಮಾ ಬಾಣೆಯ (ಕೊಡಗಿನ ಒಕ್ಕಗಳಿಗೆ, ಅಂದರೆ ಕುಲಕುಟುಂಬಗಳಿಗೆ, ತಲೆಮಾರುಗಳಿಂದ ಬಂದ ಜಮೀನಿನ) ಪಹಣಿ. ಸರ್ಕಾರದ ಭೂದಾಖಲೆಯ ‘ಭೂಮಿ’ ಜಾಲತಾಣದಲ್ಲಿ ನೋಡಿ ಪ್ರಿಂಟ್ ತೆಗೆದು, ಹೆಸರು, ಸರ್ವೆ ನಂಬರ್ ಮಸಿಯಿಂದ ಮುಚ್ಚಿ ಹಂಚುತ್ತೇನೆ. (ಮಾರ್ಕರ್ ಸಾಲದು, ಬೆಳಕಿಗೆ ಹಿಡಿದರೆ ಕಾಣುತ್ತದೆ, ಮುಚ್ಚಿದ ಪ್ರತಿಯನ್ನು ಮತ್ತೆ ಜೆರಾಕ್ಸ್ ಮಾಡಿಸಿ.) 9ನೇ ಕಾಲಂನಲ್ಲಿ ಪಟ್ಟೆದಾರರ ಹೆಸರು ಕಂಡ ಕೂಡಲೇ ‘ಒಡೆಯರು ಇವರೊಬ್ಬರೇ, ಖಚಿತ’ ಎನ್ನುತ್ತಾರೆ. ಪಟ್ಟೆದಾರರು ಒಕ್ಕದ ಪರವಾಗಿ ನಿಂತವರು, ಹಕ್ಕು ಒಕ್ಕದ್ದು. ಸಾಲ, ತಕರಾರು ಇರುವ 11ನೇ ಕಾಲಂ ಮೊದಲು ಓದಿದವರು ಇಂಥ ಕಡೆ ‘ಅನುಮಾನ’ ಬರೆಯುವುದು ಹೆಚ್ಚು. ಯಾರು ಯಾವ ಕಾಲಂನಿಂದ ಓದು ಶುರುಮಾಡಿದರು ಎಂದು ಹಾಳೆಯ ತುದಿಯಲ್ಲಿ ಬರೆಸುವುದು ಇದಕ್ಕಾಗಿಯೇ.

ಹಾಳೆ ವಾಪಸ್ ಕೊಟ್ಟಾಗ ‘ಖಚಿತ-ತಪ್ಪು’ಗಳನ್ನು ಮಾತ್ರ ಗೀಟು ಹಾಕಿಸಿ, ಪ್ರತಿಯೊಂದಕ್ಕೂ ಒಂದೇ ಸಾಲು ಬರೆಸಬೇಕು: ಈ ನಂಬಿಕೆ ಎಲ್ಲಿಂದ ಬಂತು? ಮನೆಯ ಮಾತೋ, ಪತ್ರಿಕೆಯೋ, ವಾಟ್ಸಾಪೋ, ಕಾಯ್ದೆಯೋ. ‘ಗಮನವಿಟ್ಟು ಓದಬೇಕಿತ್ತು’ ಎಂಬ ಉತ್ತರ ಬಂದರೆ ಹಾಳೆ ತಿರುಗಿ ಕೊಡಿ. ನಮ್ಮಲ್ಲಿ ಸಿಂಹಪಾಲು ಮನೆಯ ಮಾತಿನದೇ.

ಖರ್ಚು ಸೆಮಿಸ್ಟರಿಗೆ ಸಾವಿರದೊಳಗೆ. ಗದ್ದೆ ತೋರಿಸಲು ಒಮ್ಮೆ ಜೀಪು ಮಾಡಿಸಿದ್ದಕ್ಕೆ ಎರಡೂವರೆ ಸಾವಿರದ ಹತ್ತಿರ ಹೋಯಿತು. ಫೋಟೋ ಚೆನ್ನಾಗಿ ಬಂದವು, ಅಂಕ ಕದಲಲಿಲ್ಲ. ಅದಕ್ಕಿಂತ, 95ನೇ ಕಲಮನ್ನು ಮನೆಯ ಹಿರಿಯರಿಗೆ ಕೊಡವ ತಕ್ಕಿನಲ್ಲೋ ಅರೆಭಾಷೆಯಲ್ಲೋ ವಿವರಿಸಿ, ಮಾತು ಎಲ್ಲಿ ತಡವರಿಸಿತೆಂದು ಬರೆದು ತನ್ನಿ ಎಂದ ಪ್ರಯೋಗ ವಾಸಿ. ಬಹುಪಾಲು ಮಂದಿ ಸಿಕ್ಕಿಬಿದ್ದದ್ದು ತೋಟದ ಮನೆಯನ್ನು ಬಾಡಿಗೆಗೆ ಬಿಡಬಹುದೇ ಎಂಬಲ್ಲಿ. ಹೋಂಸ್ಟೇ ಜಿಲ್ಲೆಯಲ್ಲಿ ಅದೇ ತಾನೇ ಪ್ರಶ್ನೆ!

ಶುರುವಿನಲ್ಲಿ ‘ಖಚಿತ’ ಎಂದದ್ದರಲ್ಲಿ ಅರ್ಧದಷ್ಟು ತಪ್ಪಿರುತ್ತಿತ್ತು, ಕೊನೆಗೆ ಆರರಲ್ಲೊಂದಕ್ಕೆ ಇಳಿಯಿತು. ನಡುವೆ ‘ಖಚಿತ’ಗಳೇ ಪೂರಾ ಕಡಿಮೆಯಾಗುವ ಒಂದು ಘಟ್ಟ ಬರುತ್ತದೆ; ಆಗ ನಿಯಮ ಸಡಿಲಿಸಬೇಡಿ, ಒಂದೆರಡು ಪರೀಕ್ಷೆ ಕಳೆದರೆ ಏರುತ್ತದೆ. ಪ್ರಶ್ನೆಗಳನ್ನು ಯಾವ ಕ್ರಮದಲ್ಲಿ ಜೋಡಿಸುತ್ತೇನೆಂದು ಇಲ್ಲಿ ಹೇಳುವುದಿಲ್ಲ, ನಮ್ಮ ಹುಡುಗರೂ ಓದುತ್ತಾರೆ.