ಕೆಳಗಿನಿಂದ ಬರುವ ಬೆಳಕು: ಹಳೇ ಲಂಡನ್ ನಾಟಕದ ರಂಗು ಚಿತ್ರದಲ್ಲಿ ತರುವುದು ಹೇಗೆ?

ವಿಕ್ಟೋರಿಯಾ ರಾಣಿ ಕಾಲದ ನಾಟಕದ ದೃಶ್ಯವನ್ನು ಚಿತ್ರವಾಗಿ ಬರೆಯಲು ಕೂತವರು ಉಡುಪು, ಪರದೆ ಎಲ್ಲ ಬರೆದು, ಕೊನೆಗೆ ಮೇಲೊಂದಿಷ್ಟು ಹಳದಿ ಬಳಿಯುತ್ತಾರೆ. ಆಗ ಚಿತ್ರ ಹಳೇ ಫೋಟೊ ಥರ ಕಾಣುತ್ತದೆ, ಅಷ್ಟೇ. ದೀಪ ಎಲ್ಲಿತ್ತು ಅನ್ನುವುದನ್ನು ಮೊದಲು ತಿಳಿದುಕೊಳ್ಳಬೇಕು.

ಲಂಡನ್ನಿನ ಡ್ರೂರಿ ಲೇನ್, ಕೋವೆಂಟ್ ಗಾರ್ಡನ್ ರಂಗಮಂದಿರಗಳಿಗೆ 1817ರಲ್ಲೇ ಗ್ಯಾಸ್ ದೀಪ ಬಂತು. ವೇದಿಕೆಯ ಮುಂದಿನ ಅಂಚಿನಲ್ಲಿ, ನೆಲಮಟ್ಟದಲ್ಲಿ, ದೀಪಗಳ ಸಾಲು ಇರುತ್ತಿತ್ತು. ಅದೇ ಫುಟ್‌ಲೈಟ್. ಆ ಕಾಲದ ಮುಖಗಳ ಗುಟ್ಟು ಇರುವುದೇ ಅಲ್ಲಿ.

ಕೋಣೆ ಕತ್ತಲು ಮಾಡಿ ಕನ್ನಡಿ ಮುಂದೆ ನಿಲ್ಲಿ. ಮೊಬೈಲ್ ಟಾರ್ಚಿಗೆ ಹಳದಿ ಜಿಲೇಟಿನ್ ಕಾಗದ ಸುತ್ತಿ, ಸೊಂಟಕ್ಕಿಂತ ಕೆಳಗೆ, ಕೈ ಚಾಚಿದಷ್ಟು ಮುಂದೆ ಹಿಡಿಯಿರಿ. ಗದ್ದಕ್ಕೇ ಹಿಡಿದರೆ ದೆವ್ವದ ಮುಖ ಆಗುತ್ತದೆ, ಅದು ಬೇಡ. ಈಗ ನೋಡಿ: ಗದ್ದದ ಅಡಿ, ಮೂಗಿನ ಹೊಳ್ಳೆ, ಹುಬ್ಬಿನ ಕೆಳಗಿನ ಗುಳಿ ಬೆಳಗುತ್ತಿವೆ. ಸದಾ ನೆರಳಲ್ಲಿರುವ ಜಾಗಗಳು ಇವೇ ಅಲ್ವಾ? ಮೂಗಿನ ನೆರಳು ಮೇಲಕ್ಕೆ ಹತ್ತಿದೆ. ಹಣೆ ಮಂಕಾಗಿದೆ. ಇದನ್ನೇ ಪೆನ್ಸಿಲ್ಲಿನಲ್ಲಿ ನಾಲ್ಕೈದು ಸಲ ಬರೆದು ಕೈ ಪಳಗಿಸಿಕೊಳ್ಳಿ.

ಚಿತ್ರಕ್ಕೆ ಬಿಳಿ ಹಾಳೆ ಬೇಡ, ಕಂದು ಹಾಳೆ ತಗೊಳ್ಳಿ. ಕತ್ತಲು ಆಗಲೇ ಅಲ್ಲಿರುತ್ತದೆ, ನೀವು ಬೆಳಕು ಹಾಕಿದರೆ ಸಾಕು. ಪೋಸ್ಟರ್ ಕಲರ್ ಚೆನ್ನಾಗಿ ಕೂರುತ್ತದೆ. ನಟಿಯ ಲಂಗದ ಅಂಚಿಗೆ ಯೆಲ್ಲೋ ಆಕರ್ (ಮಣ್ಣಿನ ಹಳದಿ), ಚೂರು ಕಿತ್ತಳೆ. ಮೇಲೆ ಹೋದ ಹಾಗೆ ಬಣ್ಣ ತೆಳುವಾಗಲಿ. ನೆರಳಿಗೆ ಕಪ್ಪು ಮುಟ್ಟಬೇಡಿ. ಅಲ್ಟ್ರಾಮರೀನ್ ನೀಲಿಗೆ ಬರ್ನ್ಟ್ ಅಂಬರ್ (ಗಾಢ ಕಂದು) ಬೆರೆಸಿ. ಹಳದಿ ಬೆಳಕಿನ ಪಕ್ಕದಲ್ಲಿ ಆ ನೀಲಿ ಛಾಯೆ ಜೀವ ತುಂಬುತ್ತದೆ. ಹಿಂದಿನ ಪರದೆ ಮೇಲೆ ನಟಿಯ ನೆರಳು ಅವಳಿಗಿಂತ ದೊಡ್ಡದಾಗಿ ಏಳಲಿ.

ಇನ್ನು ಲೈಮ್‌ಲೈಟ್. ಸುಣ್ಣದ ತುಂಡಿಗೆ ಆಕ್ಸಿಜನ್, ಹೈಡ್ರೋಜನ್ ಜ್ವಾಲೆ ತಾಗಿಸಿದರೆ ಅದು ಕಾದು ಬೆಳ್ಳಗೆ ಹೊಳೆಯುತ್ತದೆ. 1837ರಲ್ಲಿ ಕೋವೆಂಟ್ ಗಾರ್ಡನ್‌ನಲ್ಲಿ ಇದು ರಂಗಕ್ಕೆ ಬಂತು. ಒಬ್ಬ ನಟನ ಮೇಲಷ್ಟೇ ಬೀಳಿಸಲು ಬಳಸುತ್ತಿದ್ದರು. ಹಾಗಾಗಿ ನಿಮ್ಮ ಶುದ್ಧ ಬಿಳಿಯನ್ನೂ ಒಬ್ಬರಿಗೇ ಉಳಿಸಿಡಿ. ಅಂಚನ್ನು ಒದ್ದೆ ಕುಂಚದಿಂದ ಮೆತ್ತಗೆ ಮಾಡಿ.

ಚಿತ್ರದ ಕೆಳಗಡೆ, ವೇದಿಕೆ ಮುಂದೆ ಕೂತ ವಾದ್ಯದವರ ತಲೆಗಳನ್ನು ಗಾಢ ಆಕಾರವಾಗಿ ಬಿಡಿ. ಪ್ಯಾರಿಸ್ಸಿನ ಚಿತ್ರಕಾರ ಡೆಗಾ ಹೀಗೆ ಬರೆದಿದ್ದಾರೆ. ಲಂಡನ್ನಿನ ಮ್ಯೂಸಿಕ್ ಹಾಲ್‌ಗಳನ್ನು (ಹಾಡು, ಹಾಸ್ಯದ ಮನರಂಜನಾ ಮಂದಿರಗಳನ್ನು) ಬರೆದ ವಾಲ್ಟರ್ ಸಿಕರ್ಟ್ ಚಿತ್ರಗಳನ್ನೂ ಖಂಡಿತ ನೋಡಿ. 1881ರಲ್ಲಿ ಲಂಡನ್ನಿನ ಸವಾಯ್ ಥಿಯೇಟರ್‌ಗೆ ವಿದ್ಯುತ್ ದೀಪ ಬಂತು. ಆದರೂ ನಟ ಹೆನ್ರಿ ಇರ್ವಿಂಗ್ ತಮ್ಮ ಲೈಸಿಯಂ ಥಿಯೇಟರ್‌ನಲ್ಲಿ ಗ್ಯಾಸ್ ದೀಪವನ್ನೇ ಇಟ್ಟುಕೊಂಡರು. ಆ ಮೆತ್ತನೆ ಬೆಳಕು ಬರೆಯುವಾಗ ಅವರ ಹಟ ಯಾಕೆ ಅಂತ ನನಗೆ ಅರ್ಥವಾಗುತ್ತದೆ.

ಕೊನೆಗೆ ಚಿತ್ರವನ್ನು ಗೋಡೆಗೆ ಒರಗಿಸಿ, ನಾಲ್ಕು ಹೆಜ್ಜೆ ಹಿಂದೆ ಬಂದು ಕಣ್ಣು ಕಿರಿದು ಮಾಡಿ. ಮೊದಲು ಕಾಣುವುದು ಪರದೆಯೇ ಆಗಿದ್ದರೆ, ಅದರ ಮೇಲೆ ಇನ್ನೊಂದು ಕೋಟ್ ಕಂದು ಹಾಕಿ.