ಸ್ಕಾಟ್ಲೆಂಡ್‌ಗೆ ಬಂದಿದ್ದೀರಾ? ಯಾವುದು ಲಂಡನ್ನಿನ ಕೈಯಲ್ಲಿದೆ, ಯಾವುದು ಎಡಿನ್‌ಬರೋ ಕೈಯಲ್ಲಿದೆ

ಹೊಸಬರು ನನ್ನನ್ನು ಜಾಸ್ತಿ ಕೇಳುವುದು ವೀಸಾ, ಸಂಬಳ, ಬಾಡಿಗೆ ಮನೆ ಬಗ್ಗೆ. ಉತ್ತರ ಹೇಳುವ ಮೊದಲು ನಾನು ನೋಡುವುದು ಒಂದನ್ನೇ: ಈ ವಿಷಯದಲ್ಲಿ ಕಾನೂನು ಮಾಡುವವರು ಯಾರು? ಲಂಡನ್ನಿನ ವೆಸ್ಟ್‌ಮಿನ್‌ಸ್ಟರ್ ಪಾರ್ಲಿಮೆಂಟೋ, ಎಡಿನ್‌ಬರೋದ ಹಾಲಿರೂಡ್ ಪಾರ್ಲಿಮೆಂಟೋ? ಇದನ್ನು ನೋಡದೆ ಸುಮ್ನೆ ಇಂಟರ್ನೆಟ್ಟಿನಲ್ಲಿ ಹುಡುಕಿದರೆ ಎಷ್ಟೋ ಸಲ ಸಿಗುವುದು ಇಂಗ್ಲೆಂಡಿನ ನಿಯಮ. ಅದನ್ನು ನಂಬಿ ಇಲ್ಲಿನ ಬಾಡಿಗೆ ಕರಾರಿಗೆ ಸಹಿ ಹಾಕಬೇಡಿ.

ಹಾಲಿರೂಡ್ ಪಾರ್ಲಿಮೆಂಟ್ ಹುಟ್ಟಿದ್ದು 1998ರ ಸ್ಕಾಟ್ಲೆಂಡ್ ಕಾಯ್ದೆಯಿಂದ. ಅದು ಏನೇನು ಮಾಡಬಹುದು ಎಂಬ ಪಟ್ಟಿ ಆ ಕಾಯ್ದೆಯಲ್ಲಿಲ್ಲ. ಯಾವುದಕ್ಕೆ ಕೈ ಹಾಕುವಂತಿಲ್ಲ ಎಂಬ ಪಟ್ಟಿ ಇದೆ. ವಲಸೆ, ರಕ್ಷಣೆ, ವಿದೇಶಾಂಗ, ಕರೆನ್ಸಿ, ಉದ್ಯೋಗದ ಕಾನೂನು ವೆಸ್ಟ್‌ಮಿನ್‌ಸ್ಟರ್ ಬಳಿಯೇ ಉಳಿದಿವೆ. ಪಟ್ಟಿಯಲ್ಲಿ ಇಲ್ಲದ್ದೆಲ್ಲ ಇಲ್ಲಿಯದು: ಆಸ್ಪತ್ರೆ, ಶಾಲೆ, ಪೊಲೀಸ್, ಕೋರ್ಟು, ವಸತಿ. ಭಾರತದಲ್ಲಿ ಇದು ಉಲ್ಟಾ, ಅಲ್ವಾ? ಅಲ್ಲಿ ಯಾವ ಪಟ್ಟಿಗೂ ಸೇರದ ವಿಷಯ ಕೇಂದ್ರದ ಪಾಲಿಗೆ ಹೋಗುತ್ತದೆ.

ನಿಮ್ಮ ವೀಸಾ, ಅದರ ಜೊತೆ ಕಟ್ಟಿದ ಹೆಲ್ತ್ ಸರ್‌ಚಾರ್ಜ್ ಎರಡೂ ಲಂಡನ್ನಿನ ತೀರ್ಮಾನ. ಆದರೆ ಚಿಕಿತ್ಸೆ ಕೊಡುವ ಸರ್ಕಾರಿ ಆರೋಗ್ಯ ಸೇವೆ, ಅಂದರೆ ಎನ್‌ಎಚ್‌ಎಸ್, ಇಲ್ಲಿಯದು. ಡಾಕ್ಟರ್ ಬರೆದುಕೊಟ್ಟ ಔಷಧಿಗೆ 2011ರಿಂದ ಇಲ್ಲಿ ದುಡ್ಡು ಕೊಡಬೇಕಿಲ್ಲ.

ಎರಡು ಪಾರ್ಲಿಮೆಂಟುಗಳೂ ಒಟ್ಟಿಗೆ ಕಾಣುವುದು ನಿಮ್ಮ ಪೇಸ್ಲಿಪ್‌ನಲ್ಲಿ. ಟ್ಯಾಕ್ಸ್ ಕೋಡ್ ಎಸ್ ಅಕ್ಷರದಿಂದ ಶುರುವಾಗಿದೆಯೇ ನೋಡಿ. ಕಂಪನಿ ಎಲ್ಲೇ ಇರಲಿ, ನಿಮ್ಮ ಮನೆ ಇಲ್ಲಿದ್ದರೆ ಸಂಬಳದ ಮೇಲಿನ ತೆರಿಗೆ ದರ ಹಾಲಿರೂಡ್ ಹೇಳಿದಂತೆ. ಪಿಂಚಣಿಯಂಥ ಸರ್ಕಾರಿ ಸೌಲಭ್ಯಕ್ಕೆಂದು ಸಂಬಳದಲ್ಲಿ ಕಡಿತವಾಗುವ ನ್ಯಾಷನಲ್ ಇನ್ಶೂರೆನ್ಸ್ ಮಾತ್ರ ವೆಸ್ಟ್‌ಮಿನ್‌ಸ್ಟರ್ ಹೇಳಿದಂತೆ. ಇವೆರಡಕ್ಕೂ ತಾಳಮೇಳ ಇಲ್ಲ. 2025–26ರಲ್ಲಿ ಇಲ್ಲಿ ಸಂಬಳ 43,662 ಪೌಂಡ್ ದಾಟಿದ ಮೇಲೆ ತೆರಿಗೆ ಶೇ 42. ಇನ್ಶೂರೆನ್ಸ್ 50,270 ಪೌಂಡ್‌ವರೆಗೂ ಶೇ 8. ಅಂದರೆ ಈ ಎರಡು ಅಂಕಿಗಳ ನಡುವೆ ದುಡಿದ ಪ್ರತಿ ಪೌಂಡಿನಲ್ಲಿ ಅರ್ಧ ಹೋಯಿತು. ಇಂಗ್ಲೆಂಡಿನಲ್ಲಿ ಅದೇ ಪೌಂಡಿಗೆ ಶೇ 28 ಹೋಗುತ್ತದೆ. ಕೆಲಸದ ಆಫರ್ ಒಪ್ಪುವ ಮೊದಲು ಈ ಲೆಕ್ಕ ಹಾಕಿ.

ಬಾಡಿಗೆ ವಿಷಯದಲ್ಲಿ ಇಲ್ಲಿನ ಕಾನೂನು ನಿಮ್ಮ ಪರವಾಗಿದೆ. 2017ರ ಡಿಸೆಂಬರ್ 1ರ ನಂತರದ ಸಾಮಾನ್ಯ ಖಾಸಗಿ ಬಾಡಿಗೆಗೆ ಕೊನೆಯ ದಿನ ಅಂತ ಇರುವುದಿಲ್ಲ. ಕಾನೂನು ಒಪ್ಪುವ ಕಾರಣ ಇಲ್ಲದೆ ಮಾಲೀಕರು ನಿಮ್ಮನ್ನು ಬಿಡಿಸುವಂತಿಲ್ಲ. ಡೆಪಾಸಿಟ್ ಎರಡು ತಿಂಗಳ ಬಾಡಿಗೆಗಿಂತ ಜಾಸ್ತಿ ಕೇಳುವಂತಿಲ್ಲ, ಅದನ್ನು 30 ಕೆಲಸದ ದಿನಗಳೊಳಗೆ ಮಾನ್ಯತೆ ಇರುವ ಸ್ಕೀಮ್‌ನಲ್ಲಿ ಇಡಬೇಕು. ಇಟ್ಟ ದಾಖಲೆ ಕೇಳಿ ಪಡೆಯಿರಿ, ಸಂಕೋಚ ಬೇಡ.

ಹಾಗಂತ ಹಾಲಿರೂಡ್ ಪೂರ್ತಿ ಸ್ವತಂತ್ರ ಅಲ್ಲ. ಬಿಟ್ಟುಕೊಟ್ಟ ವಿಷಯಗಳಲ್ಲೂ ವೆಸ್ಟ್‌ಮಿನ್‌ಸ್ಟರ್ ಕಾನೂನು ಮಾಡಬಹುದು. ಇಲ್ಲಿನವರ ಒಪ್ಪಿಗೆ ಇಲ್ಲದೆ ಸಾಮಾನ್ಯವಾಗಿ ಮಾಡುವುದಿಲ್ಲ ಎಂಬ ಸ್ಯೂಯೆಲ್ ಸಂಪ್ರದಾಯ ಇದೆ. ಆದರೆ ಅದನ್ನು ಕೋರ್ಟು ಜಾರಿ ಮಾಡಿಸಲಾಗದು ಎಂದು ಸುಪ್ರೀಂ ಕೋರ್ಟ್ 2017ರಲ್ಲಿ ಹೇಳಿತು. ದಾಖಲೆಯಲ್ಲಿ ತಮ್ಮ ಲಿಂಗ ಬದಲಿಸಿಕೊಳ್ಳುವುದನ್ನು ಸುಲಭ ಮಾಡಲು ಹಾಲಿರೂಡ್ ಪಾಸು ಮಾಡಿದ ಮಸೂದೆಯನ್ನು 2023ರಲ್ಲಿ ಲಂಡನ್ ಸರ್ಕಾರ ತಡೆಹಿಡಿಯಿತು. ಮಸೂದೆ ಸರಿಯೋ ತಪ್ಪೋ ಎಂಬುದು ಬೇರೆ ಮಾತು. ಅಧಿಕಾರ ಕೊಟ್ಟ ಮೇಲೂ ಹಗ್ಗದ ಒಂದು ತುದಿ ಲಂಡನ್ನಿನಲ್ಲೇ ಇರುವುದು ನನಗೆ ಸರಿ ಕಾಣುವುದಿಲ್ಲ.

ಇಂಥದೇ ಶಾಸನಸಭೆ ವೇಲ್ಸ್‌ನಲ್ಲಿ ಸೆನೆಡ್, ಉತ್ತರ ಐರ್ಲೆಂಡಿನಲ್ಲಿ ಸ್ಟಾರ್ಮಾಂಟ್. ಅಲ್ಲಿಗೆ ಹೋಗುವವರು ಅಲ್ಲಿನ ನಿಯಮವನ್ನೇ ಓದಬೇಕು.

ತೊಂದರೆ ಬಂದರೆ ಯಾರಿಗೆ ಬರೆಯಬೇಕು? ವೀಸಾ ತಡವಾದರೆ ವೆಸ್ಟ್‌ಮಿನ್‌ಸ್ಟರ್‌ನಲ್ಲಿರುವ ನಿಮ್ಮ ಎಂಪಿಗೆ. ಆಸ್ಪತ್ರೆ, ಶಾಲೆ, ಬಾಡಿಗೆ ಅಂದರೆ ಎಂಎಸ್‌ಪಿಗೆ, ಅಂದರೆ ಹಾಲಿರೂಡ್ ಸದಸ್ಯರಿಗೆ. ನಿಮಗೆ ಕ್ಷೇತ್ರದ ಒಬ್ಬರು, ಪ್ರಾಂತ್ಯದ ಏಳು ಜನ, ಒಟ್ಟು ಎಂಟು ಎಂಎಸ್‌ಪಿಗಳು ಇದ್ದಾರೆ.

ಭಾರತದ ಪಾಸ್‌ಪೋರ್ಟ್ ಇರುವವರು ಕಾಮನ್‌ವೆಲ್ತ್ ನಾಗರಿಕರು. ಚಾಲ್ತಿಯಲ್ಲಿರುವ ವೀಸಾ ಇದ್ದು ಇಲ್ಲೇ ವಾಸವಿದ್ದರೆ ಎರಡೂ ಪಾರ್ಲಿಮೆಂಟಿಗೆ ಮತ ಹಾಕಬಹುದು. ಮನೆ ಸಿಕ್ಕ ವಾರವೇ ಹೆಸರು ಸೇರಿಸಿ. ಹಾಲಿರೂಡ್ ಚುನಾವಣೆಗೆ 16 ತುಂಬಿದರೆ ಸಾಕು, 14 ಆದಾಗಲೇ ಹೆಸರು ಬರೆಸಬಹುದು. ಮಕ್ಕಳಿದ್ದರೆ ಅವರದನ್ನೂ ಬರೆಸಿ.