ಅರಿಷಿಣದ ಹಾಳೆ, ಡಬ್ಬಿಯ ಕಣ್ಣು: ವಿಜಯಪುರದ ಬಿಸಿಲಿನಲ್ಲಿ ಚಿತ್ರ ಮೂಡಿಸುವ ಬಗೆ

ಅರಿಷಿಣದ ಕಲೆಯಾದ ಬಿಳಿ ಅಂಗಿಯನ್ನು ಒಗೆದು ಮಾಳಿಗೆಯ ಮೇಲೆ ಹರವಿದರೆ, ಸಾಬೂನಿಗೆ ಜಗ್ಗದ ಹಳದಿ ಬಿಸಿಲಿಗೆ ಹೋಗಿಬಿಡುತ್ತದೆ ಎಂಬುದು ಎಲ್ಲ ಮನೆಗಳಲ್ಲಿಯೂ ಗೊತ್ತಿರುವ ಸಂಗತಿ. ವಿನ್ಯಾಸ ಪದವಿಯ ಕೊನೆಯ ವರ್ಷದ ಯೋಜನೆಗೆ ನಾನು ಹಿಡಿದುಕೊಂಡದ್ದು ಇದನ್ನೇ. ಇಳಕಲ್ ಸೀರೆಯ ನೂಲಿಗೆ ಬಣ್ಣ ಹಾಕುವವರು ಬಿಸಿಲಿಗೆ ಹಾರುವ ಬಣ್ಣವನ್ನು ಕಚ್ಚಾ ಎಂದು ದೂರವಿಡುತ್ತಾರೆ. ಬೆಳಕಿನಿಂದ ಚಿತ್ರ ಮಾಡಹೊರಟವರಿಗೆ ಬೇಕಾಗಿರುವುದು ಆ ಕಚ್ಚಾ ಬಣ್ಣವೇ. ಇಲ್ಲಿ ಎರಡು ವಿಧಾನಗಳನ್ನು ವಿವರಿಸಿದ್ದೇನೆ. ಮೊದಲನೆಯದು ಒಂದು ಮಧ್ಯಾಹ್ನದಲ್ಲಿ ಮುಗಿಯುತ್ತದೆ, ಎರಡನೆಯದಕ್ಕೆ ಆರು ತಿಂಗಳು ಬೇಕು.

ನಿಸರ್ಗದ ವಸ್ತು ಮತ್ತು ದೀರ್ಘಕಾಲದ ಬೆಳಕು ಎಂಬ ಜೋಡಿ ಛಾಯಾಗ್ರಹಣದಷ್ಟೇ ಹಳೆಯದು. ಫ್ರಾನ್ಸಿನ ನಿಸೆಫೋರ್ ನಿಯೆಪ್ಸ್ 1826–27ರ ಸುಮಾರಿಗೆ ನೈಸರ್ಗಿಕ ಡಾಂಬರನ್ನು ಲ್ಯಾವೆಂಡರ್ ಎಣ್ಣೆಯಲ್ಲಿ ಕರಗಿಸಿ, ತವರದ ಮಿಶ್ರಲೋಹದ ತಗಡಿಗೆ ಬಳಿದು, ತನ್ನ ಕಿಟಕಿಯ ಹೊರಗಿನ ನೋಟವನ್ನು ಹಿಡಿದನು. ಕನಿಷ್ಠ ಎಂಟು ಗಂಟೆ, ಪ್ರಾಯಶಃ ಕೆಲವು ದಿನಗಳೇ ಹಿಡಿದ ಆ ಚಿತ್ರದಲ್ಲಿ ಕಟ್ಟಡಗಳ ಎರಡೂ ಬದಿಗೆ ಬಿಸಿಲು ಬಿದ್ದಿದೆ. ಹೂವು ಮತ್ತು ಎಲೆಗಳ ರಸ ಬೆಳಕಿಗೆ ಹೇಗೆ ಮಾಸುತ್ತದೆ ಎಂಬುದನ್ನು ಇಂಗ್ಲೆಂಡಿನ ಜಾನ್ ಹರ್ಷೆಲ್ 1842ರಲ್ಲಿ ವಿವರವಾಗಿ ದಾಖಲಿಸಿದನು. ಆ ಬಗೆಯ ಚಿತ್ರಗಳಿಗೆ ಇಂದು ಆಂಥೋಟೈಪ್ ಎಂಬ ಹೆಸರಿದೆ.

ಅರಿಷಿಣದ ಹಾಳೆ

ಅರಿಷಿಣದ ಬಣ್ಣವಾದ ಕರ್ಕ್ಯುಮಿನ್ ನೀರಿನಲ್ಲಿ ಕರಗುವುದಿಲ್ಲ, ಸ್ಪಿರಿಟ್‌ನಲ್ಲಿ ಕರಗುತ್ತದೆ. ಆದ್ದರಿಂದ ಔಷಧ ಅಂಗಡಿಯಲ್ಲಿ ಸಿಗುವ ಸರ್ಜಿಕಲ್ ಸ್ಪಿರಿಟ್ 100 ಮಿ.ಲೀ. ತೆಗೆದುಕೊಂಡು, ಮುಚ್ಚಳವಿರುವ ಗಾಜಿನ ಸೀಸೆಯಲ್ಲಿ ಎರಡು ಚಮಚ ಅರಿಷಿಣ ಪುಡಿಯೊಂದಿಗೆ ಕಲಸಿ, ಕಾಲು ಗಂಟೆ ಆಗಾಗ ಅಲುಗಾಡಿಸಬೇಕು. ಸ್ಪಿರಿಟ್ ಬೇಗ ಹೊತ್ತಿಕೊಳ್ಳುವ ವಸ್ತುವಾದುದರಿಂದ ಈ ಕೆಲಸವನ್ನು ಅಡುಗೆಮನೆಯಲ್ಲಿ ಮಾಡಬಾರದು. ಕಿಟಕಿ ತೆರೆದಿರುವ, ಒಲೆ ಅಥವಾ ದೀಪ ಹತ್ತಿರವಿಲ್ಲದ ಕೋಣೆಯೇ ಆಗಬೇಕು. ತೆಳುವಾದ ಹತ್ತಿ ಬಟ್ಟೆಯನ್ನು ಎರಡು ಮಡಿಕೆ ಮಾಡಿ ಸೋಸಿದರೆ ಕಿತ್ತಳೆಯತ್ತ ತಿರುಗಿದ ಹಳದಿ ದ್ರಾವಣ ಸಿಗುತ್ತದೆ. ಅಂಗಡಿಯ ಪೊಟ್ಟಣದ ಪುಡಿಗಿಂತ ಅರಿಷಿಣದ ಕೊಂಬನ್ನು ಮನೆಯಲ್ಲಿ ಕುಟ್ಟಿ ಮಾಡಿದ ಪುಡಿ ನನಗೆ ಗಾಢ ಬಣ್ಣ ಕೊಟ್ಟಿತು.

ಜಲವರ್ಣಕ್ಕೆ ಬಳಸುವ ದಪ್ಪ ಹಾಳೆಗೆ ಈ ದ್ರಾವಣವನ್ನು ಅಗಲವಾದ ಕುಂಚದಿಂದ ಒಮ್ಮೆ ಅಡ್ಡಕ್ಕೆ ಬಳಿದು, ಒಣಗಿದ ಮೇಲೆ ಉದ್ದಕ್ಕೆ ಇನ್ನೊಮ್ಮೆ ಬಳಿಯಬೇಕು. ಸ್ಪಿರಿಟ್ ಕ್ಷಣದಲ್ಲಿ ಆರುವುದರಿಂದ ಕೈ ನಿಧಾನವಾದಲ್ಲೆಲ್ಲ ಗೆರೆ ಉಳಿಯುತ್ತದೆ. ಬಳಿಯುವುದು, ಒಣಗಿಸುವುದು ಎರಡೂ ಮಂದ ಬೆಳಕಿನಲ್ಲಿಯೇ ಆಗಬೇಕು. ಒಣಗಿದ ಹಾಳೆಯನ್ನು ದಪ್ಪ ಪುಸ್ತಕದ ನಡುವೆ ಇಟ್ಟು ಮರುದಿನ ಬಳಸಬಹುದಾದರೂ ವಾರಗಟ್ಟಲೆ ಇಡುವುದು ಬೇಡ.

ಇನ್ನು ಚಿತ್ರಕ್ಕೆ ಬೇಕಾದ ಎಲೆಗಳು. ಬೇವು, ಬನ್ನಿ, ಹುಣಸೆ, ಜಾಲಿ ಎಂದು ನಮ್ಮ ಒಣನೆಲದ ಗಿಡಗಳ ಸಣ್ಣ ಎಲೆಗಳು ಈ ಕೆಲಸಕ್ಕೆ ಹೇಳಿ ಮಾಡಿಸಿದಂತಿವೆ. ದ್ರಾಕ್ಷಿ ಎಲೆ ನೋಡಲು ಚೆಂದವಾದರೂ ಅದರ ನರಗಳು ಮೂಡದೆ ಹೊರಗೆರೆಯಷ್ಟೇ ಉಳಿಯುತ್ತದೆ. ಎಲೆಯನ್ನು ಹಳೆಯ ಪತ್ರಿಕೆಗಳ ನಡುವೆ ಎರಡು ಮೂರು ದಿನ ಒತ್ತಿ ಒಣಗಿಸುವುದನ್ನು ಮರೆಯಬಾರದು. ಹಸಿ ಎಲೆ ಗಾಜಿನಡಿ ಬೆವರಿ ಹಾಳೆಗೆ ಕಲೆ ಮಾಡುತ್ತದೆ. ಪ್ಲೈವುಡ್ ಹಲಗೆ, ಅದರ ಮೇಲೆ ಹಾಳೆ, ಹಾಳೆಯ ಮೇಲೆ ಎಲೆ, ಎಲ್ಲದರ ಮೇಲೆ ಗಾಜು ಇಟ್ಟು ನಾಲ್ಕೂ ಬದಿಗೆ ಕ್ಲಿಪ್ಪು ಬಿಗಿದರೆ ಬಿಸಿಲಿಗಿಡಲು ಸಿದ್ಧ. ಎಲೆಯ ಬದಲು ಪಾರದರ್ಶಕ ಹಾಳೆಯ ಮೇಲೆ ಮುದ್ರಿಸಿದ ಛಾಯಾಚಿತ್ರವನ್ನೂ ಇಡಬಹುದು. ಆದರೆ ಅದು ನೆಗೆಟಿವ್ ಆಗಿರದೆ ಪಾಸಿಟಿವ್ ಆಗಿರಬೇಕು, ಏಕೆಂದರೆ ಇಲ್ಲಿ ಬೆಳಕು ಬಿದ್ದ ಭಾಗ ಕಪ್ಪಾಗುವುದಿಲ್ಲ, ಬಿಳುಪಾಗುತ್ತದೆ.

ಏಪ್ರಿಲ್ ತಿಂಗಳಿನಲ್ಲಿ ಮುಂಜಾನೆ 11ರಿಂದ ಮಧ್ಯಾಹ್ನ 2 ಗಂಟೆಯವರೆಗಿನ ಬಿಸಿಲು ನನ್ನ ಹಾಳೆಗಳಿಗೆ ಸಾಕಾಯಿತು. ಚಳಿಗಾಲದಲ್ಲಿ ಅದರ ಎರಡರಷ್ಟು ಹೊತ್ತು ಬೇಕಾಯಿತು. ಒಂದು ಮೂಲೆಯ ಕ್ಲಿಪ್ಪು ಸಡಿಲಿಸಿ, ಎಲೆಯಡಿಯ ಬಣ್ಣಕ್ಕೂ ಹೊರಗಿನ ಬಣ್ಣಕ್ಕೂ ಇರುವ ಅಂತರವನ್ನು ನೋಡಿ ನಿರ್ಧರಿಸುವುದು ಗಡಿಯಾರಕ್ಕಿಂತ ಹೆಚ್ಚು ನಂಬಿಕೆಗೆ ಅರ್ಹವಾದ ಕ್ರಮ. ಪಾಲಕ್ ರಸಕ್ಕೆ ಹಲವು ದಿನಗಳು, ಬೀಟ್‌ರೂಟ್ ರಸಕ್ಕೆ ಕೆಲವೊಮ್ಮೆ ವಾರಗಳು ಹಿಡಿಯುತ್ತವೆ. ಆರಂಭಿಸುವವರು ಅರಿಷಿಣವನ್ನು ಬಿಟ್ಟು ಬೇರೆಯದಕ್ಕೆ ಹೋಗದಿರುವುದು ಒಳ್ಳೆಯದು.

ಕೊನೆಯ ಹಂತ ಅತ್ಯಂತ ಸುಂದರವಾದದ್ದು. ಆರತಿಗೆಂದು ಅರಿಷಿಣದ ನೀರಿಗೆ ಸುಣ್ಣ ಹಾಕಿದಾಗ ಅದು ಕೆಂಪಾಗುವುದನ್ನು ನಾವೆಲ್ಲ ನೋಡಿದ್ದೇವೆ. ಕ್ಷಾರ ತಗುಲಿದಾಗ ಕರ್ಕ್ಯುಮಿನ್ ಬಣ್ಣ ಬದಲಿಸುವುದೇ ಅದಕ್ಕೆ ಕಾರಣ. ಹಾಳೆಗೆ ಸುಣ್ಣದ ಬದಲು ಬಿಳಿಗಾರ ಬಳಸಬೇಕು. ಒಂದು ಲೋಟ ನೀರಿನಲ್ಲಿ ಒಂದು ಚಮಚ ಬಿಳಿಗಾರ ಕರಗಿಸಿ ಹಾಳೆಯ ಮೇಲೆ ಸಿಂಪಡಿಸಿದೊಡನೆ ಎಲೆ ಮುಚ್ಚಿದ್ದ ಹಳದಿ ಭಾಗ ಇಟ್ಟಂಗಿ ಬಣ್ಣಕ್ಕೆ ತಿರುಗುತ್ತದೆ, ಮಾಸಿದ ಭಾಗ ತಿಳಿಯಾಗಿಯೇ ಉಳಿಯುತ್ತದೆ. ನಂತರ ತಣ್ಣೀರಿನಲ್ಲಿ ಒಮ್ಮೆ ಅದ್ದಿ ನೆರಳಿನಲ್ಲಿ ಒಣಗಿಸಬೇಕು. ಹೀಗೆ ಮಾಡಿದರೂ ಚಿತ್ರ ಶಾಶ್ವತವಲ್ಲ. ಗೋಡೆಗೆ ತೂಗುಹಾಕಿದರೆ ಅದೇ ಬೆಳಕು ಅದನ್ನು ತಿಂದುಹಾಕುತ್ತದೆ. ಪುಸ್ತಕದೊಳಗೆ ಇಟ್ಟು ಬೇಕಾದಾಗ ತೆಗೆದು ನೋಡಬೇಕು.

ಡಬ್ಬಿಯ ಕಣ್ಣು

ಅರಿಷಿಣದ ಹಾಳೆಯನ್ನೇ ಸೂಜಿರಂಧ್ರದ ಕ್ಯಾಮೆರಾದೊಳಗೆ, ಅಂದರೆ ಮಸೂರದ ಬದಲು ಸೂಜಿಮೊನೆಯಷ್ಟು ರಂಧ್ರವಿರುವ ಮುಚ್ಚಿದ ಡಬ್ಬಿಯೊಳಗೆ, ಇಟ್ಟು ಗೋಳಗುಮ್ಮಟದ ಚಿತ್ರ ತೆಗೆಯಬೇಕೆಂಬುದು ನನ್ನ ಮೊದಲ ಆಸೆಯಾಗಿತ್ತು. ಎರಡು ವಾರ ಕಾದೆ, ಹಾಳೆ ಇಟ್ಟ ಹಾಗೆಯೇ ಇತ್ತು. ಕಾರಣವನ್ನು ಲೆಕ್ಕ ಹಾಕಿ ನೋಡಿದಾಗ ನಗು ಬಂತು. ಅಷ್ಟು ಸಣ್ಣ ರಂಧ್ರದ ಹಿಂದೆ ಬೀಳುವ ದೃಶ್ಯದ ಬೆಳಕು ನೇರ ಬಿಸಿಲಿನ ಒಂದು ಲಕ್ಷದಲ್ಲಿ ಒಂದು ಪಾಲಿಗಿಂತಲೂ ಕಡಿಮೆ. ಮೂರು ಗಂಟೆಯ ಕೆಲಸಕ್ಕೆ ಆ ಲೆಕ್ಕದಲ್ಲಿ ನೂರು ವರ್ಷ ದಾಟುತ್ತದೆ. ಆದ್ದರಿಂದ ಡಬ್ಬಿಯೊಳಗೆ ಬೆಳ್ಳಿಯ ಲವಣವಿರುವ ಕಪ್ಪು-ಬಿಳುಪು ಫೋಟೊ ಕಾಗದವೇ ಬೇಕು. ಈ ಕಾಗದ ತಿಂಗಳುಗಟ್ಟಲೆ ಬೆಳಕು ಕುಡಿದಾಗ ಯಾವ ರಸಾಯನದಲ್ಲಿಯೂ ತೊಳೆಯದೆ ತಾನೇ ಕಪ್ಪಾಗುತ್ತದೆ, ಸೂರ್ಯ ದಿನವೂ ಸಾಗಿದ ದಾರಿ ಅದರ ಮೇಲೆ ಒಂದೊಂದು ಗೆರೆಯಾಗಿ ಮೂಡುತ್ತದೆ. ಇದನ್ನು ಸೋಲಾರ್‌ಗ್ರಫಿ ಎನ್ನುತ್ತಾರೆ. ಇಂಗ್ಲೆಂಡಿನ ಹರ್ಟ್‌ಫರ್ಡ್‌ಶೈರ್ ವಿಶ್ವವಿದ್ಯಾಲಯದಲ್ಲಿ ಕಲಾ ವಿದ್ಯಾರ್ಥಿನಿಯಾಗಿದ್ದ ರೆಜಿನಾ ವಾಲ್ಕೆನ್‌ಬರ್ಗ್ 2012ರಲ್ಲಿ ಅಲ್ಲಿನ ವೀಕ್ಷಣಾಲಯಕ್ಕೆ ಕಟ್ಟಿ ಮರೆತುಬಿಟ್ಟಿದ್ದ ಬಿಯರ್ ಡಬ್ಬಿ 2020ರಲ್ಲಿ ಸಿಕ್ಕಾಗ, ಅದರೊಳಗೆ ಸೂರ್ಯನ 2,953 ಗೆರೆಗಳು ಮೂಡಿದ್ದವು.

ಕ್ಯಾಮೆರಾವನ್ನೂ ನಿಸರ್ಗದ ವಸ್ತುವಿನಿಂದಲೇ ಮಾಡುವ ಹಟದಿಂದ ತಂಬೂರಿಗೆ ಬಳಸುವಂಥ ಒಣ ಸೋರೆಬುರುಡೆಯನ್ನು ಕೊಯ್ದು ಒಳಗೆ ಕಾಡಿಗೆ ಬಳಿದೆ. ಬೆಳಕು ಸೋರಲಿಲ್ಲ, ಆದರೆ ಎಲ್ಲ ದಿಕ್ಕಿಗೂ ಬಾಗಿದ ಗೋಡೆಗೆ ಕಾಗದ ಹೊಂದಿಕೊಳ್ಳಲಿಲ್ಲ. ಕೊನೆಗೆ ತಂಪು ಪಾನೀಯದ ಡಬ್ಬಿಗೆ ಶರಣಾದೆ. ಸುಮಾರು 6.6 ಸೆಂ.ಮೀ. ಅಡ್ಡಳತೆಯ, 12 ಸೆಂ.ಮೀ. ಎತ್ತರದ ಡಬ್ಬಿಯ ಮೇಲ್ಭಾಗವನ್ನು ಕತ್ತರಿಸಿ, ಅಂಚನ್ನು ಉಜ್ಜಿ, ಸಣ್ಣ ಸೂಜಿಯ ತುದಿಯಿಂದ 0.35 ಮಿ.ಮೀ. ಆಸುಪಾಸಿನ ರಂಧ್ರ ಮಾಡಬೇಕು. ಸೂಜಿಯನ್ನು ಪೂರ್ತಿ ತೂರಿಸದೆ ತುದಿಯಷ್ಟೇ ಇಳಿಸಿ, ಒಳಗಿನ ಮುಳ್ಳನ್ನು ಪಾಲಿಷ್ ಕಾಗದದಿಂದ ತೆಗೆಯಬೇಕು.

ರಂಧ್ರ ಎಲ್ಲಿರಬೇಕು, ಡಬ್ಬಿ ಯಾವ ಕಡೆ ಮುಖ ಮಾಡಬೇಕು ಎಂಬಲ್ಲಿಯೇ ಯುರೋಪಿನ ಕೈಪಿಡಿಗಳು ನಮ್ಮನ್ನು ದಾರಿ ತಪ್ಪಿಸುತ್ತವೆ. ರಂಧ್ರವನ್ನು ನಡುವೆ ಕೊರೆದು ದಕ್ಷಿಣಕ್ಕೆ ಮುಖಮಾಡಿ ಕಟ್ಟಿ ಎಂದು ಅವು ಹೇಳುತ್ತವೆ. ಅಂಥ ಡಬ್ಬಿ ದಿಗಂತದಿಂದ ಸುಮಾರು 40 ಡಿಗ್ರಿ ಎತ್ತರದವರೆಗೆ ಮಾತ್ರ ನೋಡಬಲ್ಲದು. ವಿಜಯಪುರ ಇರುವುದು 16.8 ಡಿಗ್ರಿ ಉತ್ತರ ಅಕ್ಷಾಂಶದಲ್ಲಿ; ಇಲ್ಲಿ ಡಿಸೆಂಬರ್ 21ರ ನಡುಹಗಲಿನ ಸೂರ್ಯನೂ 50 ಡಿಗ್ರಿ ಎತ್ತರದಲ್ಲಿರುತ್ತಾನೆ. ಮೇ ಮೊದಲ ವಾರದ ಕೊನೆಗೆ ನೆತ್ತಿಗೇರುವ ಸೂರ್ಯ ಆಗಸ್ಟ್ ಮೊದಲ ವಾರದವರೆಗೆ ನಡುಹಗಲಿನಲ್ಲಿ ನಮ್ಮ ಉತ್ತರಕ್ಕೇ ಇರುತ್ತಾನೆ. ದಕ್ಷಿಣಕ್ಕೆ ಕಟ್ಟಿದ ನನ್ನ ಮೊದಲ ಡಬ್ಬಿಯಲ್ಲಿ ಆಕಾಶದ ನಡುಭಾಗ ಖಾಲಿಯಾಗಿದ್ದುದು ಇದರಿಂದಲೇ.

ಪರಿಹಾರ ಸರಳವಾಗಿದೆ. ರಂಧ್ರವನ್ನು ಮುಚ್ಚಳದಿಂದ ಎರಡೂವರೆ ಸೆಂ.ಮೀ. ಕೆಳಗೆ ಮಾಡಬೇಕು, ಚಿತ್ರ ತಲೆಕೆಳಗಾಗಿ ಬೀಳುವುದರಿಂದ ರಂಧ್ರ ಮೇಲಿದ್ದಷ್ಟೂ ಎತ್ತರದ ಆಕಾಶಕ್ಕೆ ಜಾಗ ಹೆಚ್ಚುತ್ತದೆ. ಡಬ್ಬಿಯ ಮುಖ ಪೂರ್ವಕ್ಕಾಗಲಿ ಪಶ್ಚಿಮಕ್ಕಾಗಲಿ ಇರಬೇಕು. ನಮ್ಮಲ್ಲಿ ಸೂರ್ಯ ಹುಟ್ಟುವ ಜಾಗ ಜೂನ್‌ನಲ್ಲಿ ನೇರ ಪೂರ್ವದಿಂದ ಸುಮಾರು 25 ಡಿಗ್ರಿ ಉತ್ತರಕ್ಕೂ ಡಿಸೆಂಬರ್‌ನಲ್ಲಿ ಅಷ್ಟೇ ದಕ್ಷಿಣಕ್ಕೂ ಸರಿಯುತ್ತದೆ. ಈ ಇಡೀ ಓಡಾಟ ಡಬ್ಬಿಯ ನೋಟದೊಳಗೆ ಆರಾಮವಾಗಿ ಹಿಡಿಸುತ್ತದೆ. ಇಂಗ್ಲೆಂಡಿನ ಚಿತ್ರಗಳಲ್ಲಿ ಕಮಾನಿನಂತೆ ಬಾಗುವ ಗೆರೆಗಳು ಇಲ್ಲಿ ಹೆಚ್ಚುಕಡಿಮೆ ನೆಟ್ಟಗೆ, ಮಗ್ಗದ ಮೇಲೆ ಬಿಗಿದ ಹಾಸಿನ ಎಳೆಗಳಂತೆ ಏಳುತ್ತವೆ.

ಮಂದವಾದ ಕೆಂಪು ದೀಪದಡಿ 5×7 ಅಂಗುಲದ ಕಾಗದವನ್ನು ಡಬ್ಬಿಯ ಎತ್ತರಕ್ಕೆ ಕತ್ತರಿಸಿ, ಹೊಳಪಿನ ಮುಖ ಒಳಗೆ ಬರುವಂತೆ ಸುತ್ತಿ ಇಳಿಸಬೇಕು. ಕಾಗದದ ಎರಡು ತುದಿಗಳ ನಡುವಿನ ಸಂದಿಯಲ್ಲಿ ರಂಧ್ರ ಬರಲಿ. ಕಪ್ಪು ರಟ್ಟಿನ ಮುಚ್ಚಳಕ್ಕೆ ವೈರಿಂಗ್ ಟೇಪನ್ನು ಮೂರು ಸುತ್ತು ಬಿಗಿದು, ರಂಧ್ರಕ್ಕೆ ತಾತ್ಕಾಲಿಕವಾಗಿ ಒಂದು ತುಂಡು ಟೇಪ್ ಅಂಟಿಸಿ, ಡಬ್ಬಿಯನ್ನು ಮಾಳಿಗೆಯ ಗಟ್ಟಿ ಪೈಪಿಗೆ ಅಲುಗದಂತೆ ಕಟ್ಟಿದ ಮೇಲೆ ಆ ತುಂಡನ್ನು ತೆಗೆಯಬೇಕು. ಸ್ವಂತ ಮನೆಯ ಮಾಳಿಗೆಯೇ ಸರಿಯಾದ ಜಾಗ. ಸಂರಕ್ಷಿತ ಸ್ಮಾರಕಗಳಿಗೆ ಏನನ್ನೂ ಕಟ್ಟುವಂತಿಲ್ಲ, ರಸ್ತೆಯ ಕಂಬಕ್ಕೆ ಟೇಪು ಸುತ್ತಿದ ಡಬ್ಬಿ ಕಂಡರೆ ಜನ ಗಾಬರಿಯಾಗುವುದೂ ಸಹಜ. ಗೋಳಗುಮ್ಮಟ ಊರಿನ ಪೂರ್ವಭಾಗದಲ್ಲಿರುವುದರಿಂದ ಅದರ ಪಶ್ಚಿಮಕ್ಕೆ ಮನೆಯಿರುವವರು ಅದೃಷ್ಟವಂತರು. ಆದರೆ ದೂರ ಹೆಚ್ಚಾಗಬಾರದು; ಅರ್ಧ ಕಿ.ಮೀ. ದೂರದಿಂದ 44 ಮೀಟರ್ ಅಡ್ಡಳತೆಯ ಆ ಗುಮ್ಮಟ ಕಾಗದದ ಮೇಲೆ ಆರು ಮಿ.ಮೀ.ಗೂ ಕಡಿಮೆ, ಅಂದರೆ ಒಂದು ತೊಗರಿ ಕಾಳಿನಷ್ಟು ಮೂಡುತ್ತದೆ.

ಡಿಸೆಂಬರ್ 21ಕ್ಕೆ ಕಟ್ಟಿ ಜೂನ್ 21ಕ್ಕೆ ಬಿಚ್ಚುವುದು ನನ್ನ ಸಲಹೆ. ಪಂಚಾಂಗದ ಸಂಕ್ರಾಂತಿ ಜನವರಿಯಲ್ಲಿ ಬಂದರೂ ಸೂರ್ಯ ಉತ್ತರಕ್ಕೆ ತಿರುಗುವುದು ಡಿಸೆಂಬರ್‌ನಲ್ಲಿಯೇ. ಈ ಅರ್ಧವರ್ಷದಲ್ಲಿ ಮಳೆ ಕಡಿಮೆಯಿರುವುದರಿಂದ ಕಾಗದಕ್ಕೆ ಬೂಷ್ಟು ಹಿಡಿಯುವ ಭಯ ಅಷ್ಟಾಗಿ ಇರುವುದಿಲ್ಲ. ಬೇಸಿಗೆಯ ಅಡ್ಡಮಳೆಗೆಂದು ಡಬ್ಬಿಯ ತಳದಲ್ಲಿ ಹನಿ ಇಳಿಯಲು ಒಂದು ಸೂಜಿತೂತು ಮಾಡಿ, ಒಳಗೆ ಕಪ್ಪು ಬಟ್ಟೆಯ ಚೂರು ಹಾಕಿದರೆ ಸಾಕು.

ಬಿಚ್ಚಿದ ಕಾಗದವನ್ನು ರಸಾಯನದಲ್ಲಿ ಅದ್ದಬಾರದು. ಮಂದ ಬೆಳಕಿನಲ್ಲಿ ತೆಗೆದು, ಗಾಜನ್ನು ಮೊದಲೇ ಒರೆಸಿ ಸಿದ್ಧವಾಗಿಟ್ಟ ಸ್ಕ್ಯಾನರಿಗೆ ಒಂದೇ ಸಲ ಹಾಕಬೇಕು, ಏಕೆಂದರೆ ಸ್ಕ್ಯಾನರಿನ ದೀಪವೂ ಕಾಗದವನ್ನು ಕಪ್ಪಾಗಿಸುತ್ತದೆ. ಬಣ್ಣದ ಆಯ್ಕೆಯಲ್ಲಿಯೇ ಸ್ಕ್ಯಾನ್ ಮಾಡಿ, ನಂತರ ಕಂಪ್ಯೂಟರಿನಲ್ಲಿ ನೆಗೆಟಿವನ್ನು ಪಾಸಿಟಿವ್ ಮಾಡಿ ಎಡಬಲ ತಿರುಗಿಸಿದರೆ, ಕಪ್ಪು-ಬಿಳುಪು ಕಾಗದದಿಂದಲೂ ನೀಲಿ, ಕಂದು ಛಾಯೆಗಳು ಹೊರಡುತ್ತವೆ. ಮೋಡ ಕವಿದ ದಿನಗಳಲ್ಲಿ ಗೆರೆ ತುಂಡಾಗಿರುತ್ತದೆ, ಅಥವಾ ಇರುವುದೇ ಇಲ್ಲ. ಕಟ್ಟಿದ ದಿನ, ಬಿಚ್ಚಿದ ದಿನ ಮತ್ತು ಡಬ್ಬಿಯ ದಿಕ್ಕನ್ನು ಕಾಗದದ ಬೆನ್ನಿಗೆ ಪೆನ್ಸಿಲಿನಿಂದ ಬರೆದು ಕಪ್ಪು ಲಕೋಟೆಗೆ ಹಾಕಿಟ್ಟರೆ, ಯಾವ ಗೆರೆ ಯಾವ ವಾರದ್ದು ಎಂದು ಮುಂದೆ ಎಣಿಸಿ ನೋಡಬಹುದು.